ಹುಣ್ಣಿಮೆಗೆ ಕಾದ ಎಣ್ಣೆ

ಪ್ರಕೃತಿಯನ್ನೂ ಚಂದ್ರನನ್ನೂ ಪೂಜಿಸುವ ವಿಕ್ಕಾ ಪಂಥದ ಹಿರಿಯ ಗುರುವಿನ ಬಳಿಗೆ ಒಬ್ಬ ಶಿಷ್ಯೆ ಶೀಶೆಯೊಂದನ್ನು ತಂದು ಕೇಳಿದಳು: "ಅಮ್ಮ, ನನಗೂ ಅಣ್ಣನಿಗೂ ಮಾತು ನಿಂತುಹೋಗಿದೆ. ರಾಜಿಯಾಗಲೆಂದು ಅವನ ಹಣೆಗೆ ಹಚ್ಚಲು ಈ ಎಣ್ಣೆ ಮಾಡಿದೆ. ಹುಣ್ಣಿಮೆ ಕಳೆಯಿತು, ಸೋಸಿದ್ದೂ ಆಯಿತು. ಆದರೆ ತಳದಲ್ಲಿ ಸ್ವಲ್ಪ ಮಡ್ಡಿ ಉಳಿದಿದೆ. ಇದನ್ನು ಚೆಲ್ಲಿ ಮತ್ತೆ ಮಾಡಲೇ?"

ಗುರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಪಕ್ಕಕ್ಕಿಟ್ಟು ಹೇಳತೊಡಗಿದಳು.

ಒಂದು ಊರಿನಲ್ಲಿ ಎಣ್ಣೆ ಮಾಡುವ ಹೆಂಗಸೊಬ್ಬಳಿದ್ದಳು. ನಮ್ಮವರು ಪೂಜೆಯ ಮೇಣದಬತ್ತಿಗೆ ಸವರುವ ಎಣ್ಣೆಯೂ ಹಣೆಗೆ ಹಚ್ಚುವ ಎಣ್ಣೆಯೂ ಅವಳ ಮನೆಯಿಂದಲೇ ಹೋಗುತ್ತಿದ್ದವು. ಅವಳ ಕೈ ಅಷ್ಟು ಶುದ್ಧ. ನಾಲಿಗೆ ಹಾಗಿರಲಿಲ್ಲ. ತಾಯಿ ಸತ್ತ ದಿನ ಹಳ್ಳದಾಚೆಯ ಮನೆಯಿಂದ ತಂಗಿ ತಡವಾಗಿ ಬಂದಳು. ಅಕ್ಕ ಎಲ್ಲರೆದುರು, "ಬದುಕಿದ್ದಾಗ ಬರದವಳು ಈಗೇಕೆ ಅಳುತ್ತೀ?" ಎಂದುಬಿಟ್ಟಳು. ತಂಗಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಆಡಿದ್ದು ತಪ್ಪೆಂದು ಅಕ್ಕನಿಗೆ ಅಂದೇ ಗೊತ್ತಾಗಿತ್ತು. ಹೋಗಿ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. ಅವಳಿಗೆ ಗೊತ್ತಿದ್ದದ್ದು ಎಣ್ಣೆ ಮಾಡುವುದೊಂದೇ. ರಾಜಿಯ ಎಣ್ಣೆ ಮಾಡಿ, ತಂಗಿಯ ಹಣೆಗೆ ಹಚ್ಚಿ, ಆಮೇಲೆ ಮಾತಾಡೋಣ ಎಂದುಕೊಂಡಳು.

ಮರುಗವನ್ನೂ ಗುಲಾಬಿ ಎಸಳನ್ನೂ ನೆರಳಿನಲ್ಲಿ ಒಣಗಿಸಿ ಬಾದಾಮಿ ಎಣ್ಣೆಯಲ್ಲಿ ನೆನೆಹಾಕಿದಳು. ನಿಯಮ ನಿನಗೂ ಗೊತ್ತು. ಒಂದು ಹುಣ್ಣಿಮೆಯಿಂದ ಇನ್ನೊಂದರವರೆಗೆ ದಿನವೂ ಶೀಶೆ ಅಲುಗಿಸಬೇಕು. ಯಾರಿಗಾಗಿ ಮಾಡಿದ್ದೋ ಅವರ ಹೆಸರು ಹಿಡಿದು ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಅವಳು ಹೇಳಿದಳು. "ನನ್ನದೇ ತಪ್ಪು ಕಣೇ. ಸೇವೆ ಮಾಡಿದವಳು ನಾನು. ಅವ್ವ ಕೊನೆಯಲ್ಲಿ ಕರೆದದ್ದು ನಿನ್ನನ್ನು. ಅದನ್ನು ನನಗೆ ಸಹಿಸಲಾಗಲಿಲ್ಲ." ಶೀಶೆ ಹಿಡಿದು ದಿನವೂ ಅತ್ತಳು.

ಎಲೆಯಲ್ಲಿ ಎಲ್ಲೋ ಹಸಿ ಉಳಿದಿತ್ತು; ಎಣ್ಣೆ ಕದಡಿತು. ಅದನ್ನು ಮರದ ಬುಡಕ್ಕೆ ಸುರಿದು ಮತ್ತೆ ಮಾಡಿದಳು. ಈ ಸಲ ತಿಳಿಯಾಗಿತ್ತು, ಪರಿಮಳ ಸಾಲದು ಅನ್ನಿಸಿತು. ತಂಗಿಗೆ ಕೊಡುವುದು ಹೀಗಿರಬಾರದೆಂದು ಅದನ್ನೂ ಸುರಿದಳು. ಮತ್ತೆ ನೆನೆಹಾಕಿದಳು.

ಒಂದು ದಿನ ತಂಗಿ ತಾನಾಗಿಯೇ ಬಂದು ಹೊಸಿಲಾಚೆ ನಿಂತಳು.

"ಏನಕ್ಕಾ, ಬೀದಿಯೆಲ್ಲಾ ಘಮ್ಮೆನ್ನುತ್ತಿದೆ. ನನಗೂ ಹೇಳದೆ ಯಾರ ಮದುವೆ ಮಾಡುತ್ತಿದ್ದೀಯೆ?"

ಸೋಸುವ ಮುನ್ನ ಎಣ್ಣೆ ಯಾರದೆಂದು ಬಾಯಿಬಿಟ್ಟರೆ ಅದರ ಬಲ ಹೋಗುತ್ತದೆಂದು ಅಕ್ಕ ನಂಬಿದ್ದಳು. "ಆದಮೇಲೆ ನಿನಗೇ ಗೊತ್ತಾಗುತ್ತದೆ" ಎಂದಳು.

ತಂಗಿಯ ನಗು ನಿಂತಿತು. ಅವಳು ಕೇಳಿದಳು: "ಅವ್ವ ನನ್ನನ್ನು ಒಂದು ಸಲವಾದರೂ ಕೇಳಿದಳೇ?"

ಅಕ್ಕ ಶೀಶೆಯ ಕಡೆ ನೋಡಿದಳು. "ಎಲ್ಲಾ ಹೇಳುತ್ತೇನೆ. ಹುಣ್ಣಿಮೆಯೊಂದು ಆಗಲಿ."

ತಂಗಿ ತಲೆಯಾಡಿಸಿ ಹೋದಳು. ಹುಣ್ಣಿಮೆಗೆ ಮೊದಲೇ ಜ್ವರ ಬಂದು ತೀರಿಕೊಂಡಳು.

ಅಕ್ಕ ಎಣ್ಣೆ ಸೋಸಿಕೊಂಡು ಹಳ್ಳ ದಾಟಿ ಓಡಿದಳು. ತಂಗಿಯ ಹಣೆಗೆ ಹಚ್ಚಿದಳು. ಜೀವವಿಲ್ಲದ ಚರ್ಮ ಎಣ್ಣೆಯನ್ನು ಹೀರುವುದಿಲ್ಲ. ಅದು ಹಚ್ಚಿದಲ್ಲೇ ಹೊಳೆಯುತ್ತಾ ನಿಂತಿತು. ಒರೆಸಿದಳು. ಮತ್ತೆ ಹಚ್ಚಿದಳು.

ಗುರು ಕತೆ ನಿಲ್ಲಿಸಿದಳು. ಶಿಷ್ಯೆ ಕೇಳಿದಳು: "ಆ ಎಣ್ಣೆಯಲ್ಲೂ ಏನಾದರೂ ಕೊರತೆ ಇತ್ತೇ ಅಮ್ಮ?"

"ಇಲ್ಲ. ಅಷ್ಟು ತಿಳಿಯಾದ ಎಣ್ಣೆಯನ್ನು ಅವಳು ಹಿಂದೆಂದೂ ಮಾಡಿರಲಿಲ್ಲ."

ಶಿಷ್ಯೆ ತನ್ನ ಶೀಶೆಗಾಗಿ ಕೈ ಚಾಚಿದಳು. ಗುರು ಅದನ್ನು ಕೊಡದೆ ಕೇಳಿದಳು:

"ನಿನ್ನ ಅಣ್ಣನ ಮನೆ ಇಲ್ಲಿಂದ ಎಷ್ಟು ದೂರ, ಮಗಳೇ?"