ಮುಚ್ಚುದೊಣೆ ಗುಡ್ಡ

ನಮ್ಮೂರಿನ ಪಡುವಣಕ್ಕಿರುವ ಬೋಳು ಗುಡ್ಡಕ್ಕೆ ಮುಚ್ಚುದೊಣೆ ಎಂದು ಹೆಸರು. ಅದರ ನೆತ್ತಿಯ ಬಂಡೆಯಲ್ಲಿ ಬೇಸಿಗೆಯಲ್ಲೂ ಮಳೆನೀರು ಆರದ ದೊಣೆಯೊಂದಿದೆ. ಅದರ ತುಂಬ ಈಗ ಕಲ್ಲು. ನೀರಿಗೆ ಪರದಾಡುವ ಸೀಮೆಯಲ್ಲಿ ಇದ್ದ ದೊಣೆಯನ್ನು ಮುಚ್ಚಿದವರಾರು ಎಂದು ಬಂದವರೆಲ್ಲ ಕೇಳುತ್ತಾರೆ. ಮುಚ್ಚಿದ್ದು ನಮ್ಮ ಹಿರಿಯರೇ, ಮುಚ್ಚಿದ್ದು ಒಳ್ಳೆಯದೇ ಆಯಿತು.

ಹಿಂದೆ ಒಮ್ಮೆ ಈ ಸೀಮೆಯ ಹಳ್ಳಿಗಳೆಲ್ಲ ಸೇರಿ ತಮ್ಮ ನಾಡಗೌಡನನ್ನು ತಾವೇ ಆರಿಸಿಕೊಳ್ಳುತ್ತಿದ್ದವು ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಮನೆಗೊಬ್ಬರಂತೆ ಗುಡ್ಡ ಹತ್ತಬೇಕು. ಗೌಡ ಮುಂದುವರಿಯಲಿ ಎನ್ನುವವರು ದೊಣೆಯಾಚೆ ಬಲಕ್ಕೆ, ಬೇಡ ಎನ್ನುವವರು ಎಡಕ್ಕೆ ನಿಲ್ಲಬೇಕು. ಯಾರು ಎತ್ತ ನಿಂತರೆಂದು ತಿಳಿದು ಹಗೆ ಸಾಧಿಸಬಾರದೆಂದು, ದೊಣೆಯ ಈಚೆ ನಿಂತ ಗೌಡ ಅಷ್ಟು ಹೊತ್ತೂ ತಲೆ ತಗ್ಗಿಸಿಯೇ ಇರಬೇಕು. ಭರಮಗೌಡನೆಂಬವನು ಮಾತ್ರ ವರ್ಷವರ್ಷವೂ ದೊಣೆಯ ಅಂಚನ್ನೇ ಹುಡುಕಿಕೊಂಡು ನಿಲ್ಲುತ್ತಿದ್ದ. ಎಂಥ ವಿನಯ ಎಂದು ಜನ ಕೊಂಡಾಡಿದರು. ತಲೆ ತಗ್ಗಿಸಿ ನಿಂತವರನ್ನು ಕಂಡರೆ ನನಗಂತೂ ಇಂದಿಗೂ ಅನುಮಾನ. ಎಡಕ್ಕೆ ನಿಂತವರ ಹೊಲಕ್ಕೆ ಆ ವರ್ಷ ಕಾಲುವೆ ನೀರು ಬರುತ್ತಿರಲಿಲ್ಲ. ಗೌಡನ ಕಿವಿಗೆ ಹಾಕುವವರು ನಮ್ಮೊಳಗೇ ಇದ್ದಾರೆ ಎಂದು ಜನ ಒಬ್ಬರನ್ನೊಬ್ಬರು ಶಂಕಿಸತೊಡಗಿದರು. ಕೊನೆಗೆ ಗೌಡನ ಮನೆಗೆ ಹಾಲು ಹಾಕುತ್ತಿದ್ದ ಯಂಕಪ್ಪನ ಮೇಲೆ ಗುಮಾನಿ ಬಿದ್ದು, ಅವನನ್ನು ಊರು ಬಿಡಿಸಿದರು.

ಮರುವರ್ಷ ಆ ಮನೆಯ ಪರವಾಗಿ ಅವನ ತಂಗಿ ಗಾಳೆವ್ವ ಗುಡ್ಡ ಹತ್ತಿ ಎಡಕ್ಕೆ ನಿಂತಳು. ಕಣ್ಣೀರು ಯಾರಿಗೂ ಕಾಣದಿರಲೆಂದು ಅವಳು ತಲೆ ಬಗ್ಗಿಸಿದಾಗ, ದೊಣೆಯ ನೀರಿನೊಳಗೆ ಭರಮಗೌಡನ ಕಣ್ಣುಗಳು ನೇರ ಅವಳನ್ನೇ ನೋಡುತ್ತಿದ್ದವು. ತಲೆ ಎಣಿಸುತ್ತಿದ್ದ ಮುದುಕನನ್ನು ಅವಳು ಕೂಗಿ ಕರೆದಳು. "ಅಜ್ಜಾ, ಗೌಡ್ರು ನಿಂತಲ್ಲೇ ನಿಂತು ನೀರು ನೋಡ್ರಿ. ನಾ ಎತ್ತಾಗ ನಿಂತೀನಿ ಹೇಳ್ರಿ." ಮುದುಕ ಬಗ್ಗಿ ನೋಡಿ, "ಎಡಕ್ಕ ನಿಂತಿಯವ್ವಾ. ನಿನ್ನ ಕೈಯಾಗಿನ ಬಳಿ ಸೈತ ಕಾಣ್ತಾವ" ಎಂದ. ಭರಮಗೌಡನ ಗೌಡಿಕೆ ಅಂದಿಗೇ ಮುಗಿಯಿತು. ಜನ ಮನೆಗೊಂದರಂತೆ ಕಲ್ಲು ತಂದು ದೊಣೆಗೆ ಹಾಕಿದರು. "ನಮ್ಮಣ್ಣಂದೊಂದು ಕಲ್ಲಿನ ಜಾಗ ಬಿಡ್ರಿ, ಬಂದಮ್ಯಾಲೆ ಹಾಕ್ತಾನ" ಎಂದಳಂತೆ ಗಾಳೆವ್ವ. ಅವನನ್ನು ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಮಾಡದ ತಪ್ಪಿಗೆ ಊರು ಬಿಟ್ಟವನು ಎಲ್ಲಿ ಸತ್ತನೋ, ನೆನೆದರೆ ಈಗಲೂ ಸಂಕಟವಾಗುತ್ತದೆ.

ಯಂಕಪ್ಪನಿಗೆಂದು ಬಿಟ್ಟ ಆ ಸಂದು ಇಂದಿಗೂ ಇದೆ. ನಾನು ಚಿಕ್ಕವನಿದ್ದಾಗ ಅಂಗೈಯಗಲ ಇತ್ತು, ಈಗ ಮೊರದಗಲ ಆಗಿದೆ. ಪಂಚಾಯಿತಿ ಚುನಾವಣೆ ಬಂದ ವರ್ಷವೆಲ್ಲ ಒಂದೆರಡು ಕಲ್ಲು ಕಾಣೆಯಾಗುತ್ತವೆ. ಆಡು ಕಾಯುವವರು ನೀರಿಗಾಗಿ ತೆಗೆದಿದ್ದಾರು ಎನ್ನುತ್ತಾರೆ. ಇರಬಹುದು. ಆದರೆ ಕಲ್ಲು ಹೋಗುವುದು ಗೌಡ ನಿಲ್ಲುತ್ತಿದ್ದ ಅಂಚಿನಲ್ಲೇ; ಅಲ್ಲಿ ತಲೆ ತಗ್ಗಿಸಿ ನಿಂತರೆ ಆಚೆ ನಿಂತವರ ಮುಖ ಚೆನ್ನಾಗಿಯೇ ಕಾಣುತ್ತದೆ.