ಒಲೆ ಹೊತ್ತದ ಮನೆ

ಘಟಪ್ರಭೆಯ ದಂಡೆಯ ಮಠದಲ್ಲಿ ಬಸಲಿಂಗನೆಂಬ ಶಿಷ್ಯನಿದ್ದ. ಮೊದಲು ಲಾರಿ ಓಡಿಸಿದವನು. ರಕ್ತದಲ್ಲಿ ಎಚ್‌ಐವಿ ಇದೆಯೆಂದು ತಿಳಿದದ್ದೇ ಮನೆ ಬಿಟ್ಟು ಬಂದಿದ್ದ. ಹೆಂಡತಿ ಗಂಗವ್ವನಿಗೆ ಸೋಂಕಿರಲಿಲ್ಲ. ಅವಳು ಆಚೆ ದಂಡೆಯಲ್ಲೇ ಇದ್ದಳು.

ಸಂಜೆಯಾದರೆ ಬಸಲಿಂಗ ಆಚೆಯ ಹೊಗೆ ನೋಡುತ್ತ ಕೂರುತ್ತಿದ್ದ. ಅದರಲ್ಲಿ ಅವಳ ಒಲೆಯದು ಯಾವುದು?

ಒಂದು ದಿನ ಗುಳಿಗೆಯ ಡಬ್ಬಿ ಹಿಡಿದು ಗುರುಗಳ ಬಳಿ ಬಂದ. ಅವರು ಪೂರ್ವಾಶ್ರಮದಲ್ಲಿ ಜೀವಶಾಸ್ತ್ರ ಕಲಿಸಿದವರು.

“ಅಜ್ಜಾರ, ರಕ್ತದಾಗ ವೈರಸ್ ಕಾಣವಲ್ದಂತ. ಇದನ್ನ ಹೊಳಿಗೆ ಒಗದು ಊರಿಗೆ ಹೋಗ್ಲ್ಯಾ?”

“ಇವತ್ತು ಜೋಳಿಗಿ ಹಿಡದು ಮನಿ ಮನಿ ಕಂತಿಭಿಕ್ಷಕ್ಕ ಹೋಗಿದ್ಯಲ್ಲ, ಯಾರ ಮನ್ಯಾಗ ಏನು ಅಡಿಗಿ?”

“ಗೌಡರ ಮನ್ಯಾಗ ಪುಂಡಿಪಲ್ಯ. ಬಾಜೂ ಮನ್ಯಾಗ ಝುಣಕ.”

“ಒಳಗ ಹೊಕ್ಕು ನೋಡಿದ್ಯಾ?”

“ಯಾಕ್ರಿ? ಜೋಳಿಗಿಗೆ ಬಿದ್ದ ತುತ್ತೇ ಹೇಳತೈತಿ.”

“ಮೈಯಾಗೂ ಹಂಗ ತಿರುಗೂ ಜಂಗಮರು ಅದಾರ. ಟಿ ಕೋಶ ಅಂತಾರ. ಪ್ರತಿ ಜೀವಕೋಶ ಒಳಗ ತಯಾರಾದದ್ದರ ಚೂರು ಬಾಗಿಲಕ್ಕ ಇಡತೈತಿ. ಚೂರು ವೈರಸ್ಸಿಂದಿದ್ರ ಆ ಮನೀನ ಕೆಡವತಾರ.”

“ಮತ್ತ ನನ್ನೊಳಗ ಯಾಕ ಸೋತ್ರು?”

“ಈ ಕಳ್ಳ ವೈರಸ್ ಮ್ಯಾಲಿಂದ ಮ್ಯಾಲೆ ಮಸಾಲಿ ಬದಲಸ್ತಾನ, ಗುರುತು ಸಿಗಂಗಿಲ್ಲ. ಅವರಿಗೆ ಬಲ ಕೊಡೂ ಕೋಶಗಳನ್ನೂ ತಿಂತಾನ. ಜಂಗಮರು ದಣದಾರ ಪಾಪ. ಗುಳಿಗಿ ಅವನ ಒಲಿ ಆರಿಸೇತಿ.”

“ಅಂದ್ರ ಸತ್ತ!”

“ಇವತ್ತು ಭಿಕ್ಷಾದಾಗ ಯಾವ ಮನಿ ಬಿಟ್ಟಿ?”

“ಮೂಲಿ ಮನಿ. ಒಲಿ ಹೊತ್ತಿದ್ದಿಲ್ಲ. ಕೂಗಿ ಕೂಗಿ ಬಂದೆ.”

“ಒಳಗ ಯಾರೂ ಇದ್ದಿಲ್ಲ?”

ಬಸಲಿಂಗ ತಲೆ ತುರಿಸಿಕೊಂಡ. “ಗೊರಕಿ ಕೇಳಸ್ತಿತ್ರಿ.”

ಗುರುಗಳು ನಕ್ಕರು. “ಹಂಗ ಕೆಲವು ಕೋಶದಾಗ ಅವ ಮಲಗ್ಯಾನ. ಬಾಗಿಲಕ್ಕ ಚೂರಿಲ್ಲ, ಜಂಗಮರಿಗೆ ಸುಳಿವಿಲ್ಲ. ಗುಳಿಗಿ ಬಿಟ್ರ ಏಳ್ತಾನ.”

ಬಸಲಿಂಗನ ಕಣ್ಣು ಹೊಳೆಯಾಚೆ ಹೋಯಿತು. ಅಲ್ಲಿ ಹೊಗೆ ಏಳುತ್ತಿತ್ತು.

“ಅವ ಪೂರಾ ಹೋದ ಮ್ಯಾಲೇ ಆಕಿ ಮುಖ ನೋಡಬೇಕಂತಿದ್ದೆ. ಹಂಗಾರ ಈ ಜನ್ಮದಾಗ ಇಲ್ಲ ಬಿಡ್ರಿ.”

“ಡಾಕ್ಟರ್ ಏನಂದ್ರು?”

“ಗುಳಿಗಿ ತಪ್ಪಿಸದಿದ್ರ, ರಕ್ತದಾಗ ಹಿಂಗ ಕಾಣದ ಇದ್ರ, ಕೂಡಿ ಬಾಳಿದ್ರೂ ಆಕಿಗೆ ರೋಗ ಹತ್ತಂಗಿಲ್ಲ ಅಂದ್ರು. ಬಾ ಅಂತ ಆಕೀನೂ ಹೇಳಿ ಕಳಿಸ್ಯಾಳ. ಆದ್ರ ಅವ ಒಳಗ ಅದಾನಲ್ರಿ...”

ಗುರುಗಳು ಡಬ್ಬಿ ತೆರೆದು ಅಂದಿನ ಗುಳಿಗೆ ಅವನ ಅಂಗೈಗಿಟ್ಟರು. ತಮ್ಮ ತಂಬಿಗೆಯ ನೀರು ಕೊಟ್ಟರು. ಅವನು ನುಂಗುವವರೆಗೂ ನೋಡಿ, ಡಬ್ಬಿಯನ್ನು ಅವನ ಜೋಳಿಗೆಗೆ ಹಾಕಿ, ದಂಡೆಗೆ ಬಂದ ದೋಣಿಯತ್ತ ಕೈ ಮಾಡಿದರು.

“ಮಲಗಿದವನ್ನ ಎಬ್ಬಿಸಬ್ಯಾಡ. ಎಚ್ಚರಿದ್ದಾಕಿ ಬಾಗಿಲಕ್ಕ ಹೋಗು.”