ಗಾಣದ ಪಕ್ಕದ ಕೊಡಲಿ

"ಹೊನ್ನಗುಂದದ ಸಮಸ್ತ ಪ್ರಜೆಗಳೂ ಕೇಳಿ! ರಾಜಕುಮಾರಿ ಪದ್ಮಲೆಯವರು ಹುಣ್ಣಿಮೆಯ ದಿನ ಅರಮನೆಯ ಆಲೆಮನೆಯಲ್ಲಿ ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರೊಡನೆ ಮದುವೆ, ಆಲೆಮನೆಯ ಯಜಮಾನಿಕೆ. ಒಂದು ತಪ್ಪಿದರೂ ಸಂಜೆಗೆ ತಲೆದಂಡ!"

ಡಂಗುರ ಸಾರಿದಾಗ ನಾನು ಕಬ್ಬಿನ ಗಾಣದ ಪಕ್ಕದಲ್ಲಿ ಕೂತಿದ್ದೆ. ನನ್ನ ಹೆಸರು ಸಿಂಗ್ರ. ಅರಮನೆಯ ಗಾಣಕ್ಕೆ ಎರಡು ಕಬ್ಬಿಣದ ಉರುಳೆ, ಎಳೆಯಲು ಎಂಟು ಎತ್ತು. ಉರುಳೆಯ ಬಾಯಿಗೆ ಕಬ್ಬು ಕೊಡುವವನು ಒಬ್ಬ, ಅವನ ಪಕ್ಕದಲ್ಲಿ ಕೊಡಲಿ ಕಾಯುವವನು ಇನ್ನೊಬ್ಬ. ಬೆರಳು ಸಿಕ್ಕಿತೆಂದರೆ ಎತ್ತು ನಿಲ್ಲಿಸುವಷ್ಟರಲ್ಲಿ ಆಳೇ ಒಳಗೆ ಹೋಗಿರುತ್ತಾನೆ. ಅದಕ್ಕೇ ಗೂಟದಲ್ಲಿ ತೂಗುವ ಕೊಡಲಿಯಿಂದ ತೋಳು ಕಡಿದು ಜೀವ ಉಳಿಸಬೇಕು. ಆ ಕೆಲಸ ನನ್ನದು.

ಹೋದ ವರ್ಷ, ಕಬ್ಬು ಕೊಡುತ್ತಿದ್ದ ಜವರನ ಬಲಗೈ ಕಡಿದವನು ನಾನೇ. ಅವನೂ ನಾನೂ ಒಂದೇ ಕೇರಿಯವರು. ಆಮೇಲೆ ಏನಾಯಿತು ಕೇಳಿ. ಊರವರು ಅವನ ಮನೆಗೆ ಹಾಲು ತಂದರು, ತುಪ್ಪ ತಂದರು. ರಾಜಕುಮಾರಿಯೇ ಔಷಧಿ ಹಿಡಿದು ಬಂದು, ಅವನ ಚಾಪೆಯ ಪಕ್ಕ ಕೂತು, ಗಾಣದ ವಿಷಯ ಒಂದೊಂದಾಗಿ ಕೇಳಿದಳು. ಒಂದು ವಾರ ಅನ್ನ ಸೇರದೆ ಒದ್ದಾಡಿದವನು ನಾನು. ನನ್ನ ಕಡೆ ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಹುಣ್ಣಿಮೆಯ ದಿನ ಮಹಾರಾಜರೂ ಬಂದು ಕೂತರು. ರಾಜಕುಮಾರಿ ಮೊದಲನೆಯ ಒಗಟು ಹೇಳಿದಳು: "ಬೆರಳು ತೋರಿಸಿದರೆ ಹಸ್ತ ನುಂಗುವವರು ಲೋಕದಲ್ಲಿ ಬಹಳ. ತೋಳನ್ನೇ ನುಂಗಿಯೂ ಬಾಯಿ ಸಿಹಿಯಾಗೇ ಇಟ್ಟುಕೊಳ್ಳುವವನು ಯಾರು? ಅವನಿಗೆ ಹಲ್ಲಿಲ್ಲ, ಹೊಟ್ಟೆಯೂ ಇಲ್ಲ."

ಮಂತ್ರಿಯ ಮಗ ಶಾಲು ಸರಿಮಾಡಿಕೊಂಡು "ಆಸೆ" ಎಂದ. ತಪ್ಪು. ಅವನನ್ನು ಎಳೆದು ಗೋಡೆಯ ಪಕ್ಕ ಕೂರಿಸಿದರು. ದಳವಾಯಿಯ ಅಳಿಯ "ಮೊಸಳೆ" ಎಂದು ಗರ್ಜಿಸಿದ.

"ಹಲ್ಲಿಲ್ಲ ಅಂದೆನಲ್ಲ" ಎಂದಳು ರಾಜಕುಮಾರಿ. ಅವನನ್ನೂ ಕೂರಿಸಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಆಗ ಜವರ ಎದ್ದ. ಉತ್ತರ ನನಗೂ ಗೊತ್ತಿತ್ತು, ಸತ್ಯವಾಗಿ ಗೊತ್ತಿತ್ತು. ತಲೆಯ ಭಯಕ್ಕೆ ಸುಮ್ಮನಿದ್ದೆ.

"ಗಾಣ ತಾಯಿ" ಎಂದ ಅವನು. "ನನ್ ತೋಳು ನುಂಗಿದ್ದು ಅದೇಯ. ಅವತ್ತೂ ಕಬ್ಬಿನ ಹಾಲು ಸೀಯಾಗೇ ಸುರೀತಿತ್ತು."

ಸರಿಯಾಗಿತ್ತು. ಎರಡನೆಯದು ಬಂತು: "ಹೊಸಬನ ಹತ್ತಿರ ಸುಳಿಯುವುದಿಲ್ಲ. ಹತ್ತು ವರ್ಷ ದುಡಿದವನ ಹೆಗಲ ಮೇಲೆ ಕೈ ಹಾಕಿ ಕೂರುತ್ತದೆ. ಗೆಳೆಯನ ಹಾಗೆ ನಗಿಸುತ್ತದೆ, ಹಗೆಯ ಹಾಗೆ ಕೆಡವುತ್ತದೆ. ಏನದು?"

"ಸಲುಗೆ ತಾಯಿ. ಹೊಸಬ ಹೆದರ್ಕಂಡು ದೂರ ನಿಂತು ಕಬ್ಬು ತಳ್ತಾನೆ. ಹತ್ತು ವರ್ಸ ಆದ್ರೆ ಉರುಳೆ ಕಡೆ ನೋಡೋದೇ ಇಲ್ಲ, ಮಾತಾಡ್ತಾ ನಗ್ತಾ ಕೊಡ್ತಾನೆ. ನಾನೂ ಅಂಗೇ ನಗ್ತಿದ್ದೆ."

ಅವತ್ತು ನಗಿಸಿದವನು ನಾನು. ಅವನು ನನ್ನ ಹೆಸರು ಎತ್ತಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಇಷ್ಟು ದೊಡ್ಡತನ ಯಾರು ಕೇಳಿದ್ದರು? ಜನ ಹೋ ಎಂದು ಕೂಗಿದರು. ರಾಜಕುಮಾರಿ ಅವನನ್ನೇ ನೋಡುತ್ತಿದ್ದಳು.

"ಮೂರನೆಯದು" ಎಂದು ಅವಳು ಗೂಟದ ಕಡೆ ಕೈ ತೋರಿಸಿದಳು. "ಆ ಕೊಡಲಿ ಕಬ್ಬು ಕಡಿಯುವುದಿಲ್ಲ, ಸೌದೆ ಸೀಳುವುದಿಲ್ಲ. ಬಾಯಿಲ್ಲದಿದ್ದರೂ ಹನ್ನೆರಡು ವರ್ಷದಿಂದ ಒಬ್ಬನ ತಪ್ಪನ್ನು ಎಲ್ಲರೆದುರು ಸಾರುತ್ತಿದೆ. ಯಾರ ತಪ್ಪು?"

ಜವರ ಕೊಡಲಿಯ ಹತ್ತಿರ ಹೋದ. ನನಗೆ ತಡೆಯಲಾಗಲಿಲ್ಲ. ಕೊಡಲಿ ನನ್ನದು, ಏಟು ನನ್ನದು, ಒಗಟು ಮಾತ್ರ ಅವನಿಗೋ? ಹಾರಿ ಮುಂದೆ ಬಂದೆ.

"ಆ ಕೊಡ್ಲಿ ಬೀಸಿದೋನು ನಾನು ತಾಯಿ! ನಾನು ಹೇಳ್ತೀನಿ!"

"ತಪ್ಪಿದರೆ ನಿನಗೂ ಅದೇ ಗತಿ" ಎಂದಳು.

"ಇವನದೇ ತಪ್ಪು! ಕೈ ಕೊಟ್ಟೋನ ತಪ್ಪು! ಎಚ್ಚರ ಇದ್ದಿದ್ರೆ ಕೊಡ್ಲಿ ಯಾಕೆ ಬೇಕಿತ್ತು?"

ಅಧಿಕಾರಿಗಳೆಲ್ಲ ತಲೆಯಾಡಿಸಿದರು. ರಾಜಕುಮಾರಿ ಆಡಿಸಲಿಲ್ಲ. ನನ್ನನ್ನೂ ಗೋಡೆಯ ಪಕ್ಕ ಕೂರಿಸಿದರು.

ಜವರ ನಿಧಾನವಾಗಿ ಹೇಳಿದ: "ಸಿಂಗ್ರಣ್ಣ ಅಂದಂಗೆ ನಾನೂ ಮೈಮರ್ತಿದ್ದೆ, ನಿಜ. ಆದ್ರೆ ಗಾಣ ಹೂಡಿದ ದಿನವೇ ಈ ಕೊಡ್ಲಿನೂ ತೂಗು ಹಾಕವ್ರೆ. ಅಂದ್ರೆ ಕೈ ಹೋಗ್ತದೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಗಾಣದ ಬಾಯಿಗೆ ತಡೆ ಕಟ್ಟಲಿಲ್ಲ, ಕೊಡ್ಲಿ ಕಟ್ಟಿದ್ರು. ತೂಗು ಹಾಕಿಸ್ದೋರ ತಪ್ಪು ತಾಯಿ."

"ತೂಗು ಹಾಕಿಸಿದವರು ಯಾರು?"

ಜವರ ಮಹಾರಾಜರ ಕಡೆ ತಿರುಗಿದ. "ಮಹಾಸ್ವಾಮಿಗಳು."

ಈಗ ಇವನ ತಲೆಯೂ ಹೋಯಿತು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳಗೆ ಎಲ್ಲೋ ತಂಪಾಯಿತು. ಆದರೆ ಮಹಾರಾಜರು ಎದ್ದು, ಗೂಟದಿಂದ ಕೊಡಲಿ ತೆಗೆದು ನೆಲಕ್ಕಿಟ್ಟರು. "ಗಾಣಕ್ಕೆ ತಡೆ ಕಟ್ಟಿಸಿ ಎಂದು ಮಗಳು ವರ್ಷದಿಂದ ಹೇಳುತ್ತಿದ್ದಳು. ನಾನು ಕೇಳಲಿಲ್ಲ" ಎಂದರು.

ಅಂದೇ ಅಪ್ಪಣೆಯಾಯಿತು: ಉರುಳೆಯ ಮುಂದೆ ತೋಳಿಗಿಂತ ಉದ್ದದ ಮರದ ದೋಣಿ ಕೂರಿಸಬೇಕು. ಕಬ್ಬು ಅದರಲ್ಲಿ ಜಾರಿ ಹೋಗಲಿ, ಕೈ ಹೋಗದಿರಲಿ. ಜವರ ಆಲೆಮನೆಯ ಯಜಮಾನನಾದ. ರಾಜಕುಮಾರಿ ಅವನ ಎಡಗೈ ಹಿಡಿದಳು. "ಇನ್ನೇನು ಬೇಕು?" ಎಂದು ಮಹಾರಾಜರು ಕೇಳಿದರು.

ಅವನು ಗೋಡೆಯ ಕಡೆ ನೋಡಿದ. "ಅಲ್ಲಿ ಕೂತಿರೋರ ತಲೆ ಉಳಿಸ್ಕೊಡಿ ಬುದ್ಧೀ."

ನನ್ನೊಬ್ಬನನ್ನೇ ಬೇಡಿಕೊಂಡಿದ್ದರೂ ಒಂದು ಮಾತಾಗುತ್ತಿತ್ತು. ಆಸೆ ಎಂದವನು, ಮೊಸಳೆ ಎಂದವನು, ಅವರ ಸಾಲಿನಲ್ಲಿ ಮೂರನೆಯವನು ನಾನು. ಜವರನ ಜೀವ ಉಳಿಸಿದವನು ಸಿಂಗ್ರ ಎಂಬ ಒಂದೇ ಮಾತು ನನ್ನ ಹತ್ತಿರ ಇತ್ತು, ಅವನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವುದಕ್ಕೆ. ಆ ಸಂಜೆ ನನ್ನ ಜೀವ ಉಳಿಸಿ ಅದನ್ನೂ ತೀರಿಸಿಬಿಟ್ಟ.

ಅವರಿಬ್ಬರೂ ಅಲ್ಲಿ ಸುಖವಾಗಿದ್ದಾರೆ. ನಾನು ಇಲ್ಲಿ ಎರಡೂ ಕೈ ಇಟ್ಟುಕೊಂಡು, ಹೊಟ್ಟೆ ಉರಿಸಿಕೊಂಡು ಕೂತಿದ್ದೇನೆ.